ಮಗುವಿನ ವಿಕಾಸ: ಗರ್ಭದಿಂದ ಬಾಲ್ಯದವರೆಗೆ

ಗರ್ಭ ಕಟ್ಟಿದಂದಿನಿಂದ ಬಾಲ್ಯ ಮುಗಿಯುವವರೆಗೆ ಮಗುವಿನ ದೇಹ, ಬುದ್ಧಿ, ಭಾಷೆ, ಭಾವನೆ ಮತ್ತು ಇತರರೊಡನೆ ಒಡನಾಡುವ ಶಕ್ತಿಗಳಲ್ಲಿ ಒಂದು ಕ್ರಮದಲ್ಲಿ ಉಂಟಾಗುವ ಬದಲಾವಣೆಗಳನ್ನು ಒಟ್ಟಾಗಿ ಮಗುವಿನ ವಿಕಾಸ ಎನ್ನುತ್ತಾರೆ. ತೂಕ, ಎತ್ತರ, ತಲೆಯ ಸುತ್ತಳತೆಗಳಂತೆ ಅಳೆದು ಹೇಳಬಹುದಾದ ಹೆಚ್ಚಳವು ಬೆಳವಣಿಗೆ; ನಿನ್ನೆ ಮಾಡಲಾಗದಿದ್ದುದನ್ನು ಇಂದು ಮಾಡಬಲ್ಲ ಸಾಮರ್ಥ್ಯವು ವಿಕಾಸ. ದೈಹಿಕ, ಮಾನಸಿಕ, ಸಾಮಾಜಿಕ ಎಂಬ ಮೂರು ವಿಭಾಗಗಳನ್ನು ಪಠ್ಯಪುಸ್ತಕಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ವಿವರಿಸುತ್ತವೆಯಾದರೂ, ಅದು ಓದುವವರ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡು. ಮಗುವಿನಲ್ಲಿ ಇವು ಬೇರೆಯಾಗಿ ನಡೆಯುವುದಿಲ್ಲ. ಒಂದರಲ್ಲಿ ಆದ ಬದಲಾವಣೆಯೇ ಮತ್ತೊಂದಕ್ಕೆ ದಾರಿ ತೆರೆಯುತ್ತದೆ.

ಅಂಡಾಣು ಫಲಿತವಾದ ಮೊದಲ ಎರಡು ವಾರಗಳಲ್ಲಿ ಜೀವಕೋಶಗಳು ವಿಭಜನೆಗೊಳ್ಳುತ್ತ ಬಂದು ಗರ್ಭಕೋಶದ ಗೋಡೆಯಲ್ಲಿ ನೆಲೆಯೂರುತ್ತವೆ. ಮೂರನೆಯ ವಾರದಿಂದ ಎಂಟನೆಯ ವಾರದ ಕೊನೆಯವರೆಗಿನ ಅವಧಿಯಲ್ಲಿ ಬಹುತೇಕ ಎಲ್ಲ ಮುಖ್ಯ ಅಂಗಗಳ ಅಡಿಪಾಯ ಬೀಳುತ್ತದೆ. ನಾಲ್ಕನೆಯ ವಾರದಲ್ಲಿ ಹೃದಯ ಮಿಡಿಯಲಾರಂಭಿಸುತ್ತದೆ; ಮುಂದೆ ಮೆದುಳು ಮತ್ತು ಬೆನ್ನುಹುರಿಯಾಗಬೇಕಾದ ನರಕೊಳವೆಯು ಸುಮಾರು 28ನೆಯ ದಿನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಇದು ಮುಟ್ಟು ತಪ್ಪಿದ್ದು ಗಮನಕ್ಕೆ ಬರುವಷ್ಟರ ಕಾಲ ಮಾತ್ರ, ಆದ್ದರಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಗರ್ಭ ನಿಲ್ಲುವ ಮೊದಲಿನಿಂದಲೇ ಸೇವಿಸಬೇಕೆಂದು ವೈದ್ಯರು ಹೇಳುತ್ತಾರೆ. ಒಂಬತ್ತನೆಯ ವಾರದಿಂದ ಹೆರಿಗೆಯವರೆಗಿನ ದೀರ್ಘ ಅವಧಿಯು ಮುಖ್ಯವಾಗಿ ಆ ಅಂಗಗಳು ಬೆಳೆದು, ಬಲಿತು, ಕೆಲಸಕ್ಕೆ ಸಿದ್ಧವಾಗುವ ಕಾಲ.

ಗರ್ಭದಲ್ಲಿರುವ ಮಗುವಿಗೆ ಹಾನಿ ತಟ್ಟುವಲ್ಲಿ ಹಾನಿಕಾರಕ ವಸ್ತು ಯಾವುದು ಎಂಬುದರಷ್ಟೇ ಅದು ಯಾವಾಗ ತಟ್ಟಿತು ಎಂಬುದೂ ಮುಖ್ಯ. ಆಸ್ಟ್ರೇಲಿಯಾದ ನೇತ್ರವೈದ್ಯ ನಾರ್ಮನ್ ಗ್ರೆಗ್ 1941ರಲ್ಲಿ, ಹುಟ್ಟುವಾಗಲೇ ಕಣ್ಣಿನ ಪೊರೆ ಇದ್ದ ಶಿಶುಗಳ ತಾಯಂದಿರಿಗೆ ಬಸಿರಿನ ಆರಂಭದಲ್ಲಿ ರುಬೆಲ್ಲಾ (ಜರ್ಮನ್ ದಡಾರ) ಸೋಂಕು ತಗುಲಿದ್ದುದನ್ನು ಗುರುತಿಸಿದರು. 1950ರ ದಶಕದ ಕೊನೆಯಲ್ಲಿ ಬಸುರಿಯರ ವಾಕರಿಕೆಗೂ ಕೊಡಲಾಗುತ್ತಿದ್ದ ಥ್ಯಾಲಿಡೊಮೈಡ್ ಮಾತ್ರೆಯು ಕೈಕಾಲುಗಳು ಮೂಡುವ ಕೆಲವೇ ದಿನಗಳಲ್ಲಿ ದೇಹ ಸೇರಿದಾಗ ಮಕ್ಕಳು ಕೈಕಾಲುಗಳ ತೀವ್ರ ಊನದೊಂದಿಗೆ ಹುಟ್ಟಿದರು. ತಾಯಿಯ ದೇಹಕ್ಕೆ ನಿರಪಾಯವೆನಿಸಿದ್ದು ಮಗುವಿಗೂ ನಿರಪಾಯವೆಂಬ ನಂಬಿಕೆ ಆ ದುರಂತದಿಂದ ಕುಸಿಯಿತು.

ಗರ್ಭದಲ್ಲಿ ದೇಹವಷ್ಟೇ ಬೆಳೆಯುತ್ತದೆ, ಕಲಿಕೆ ಹುಟ್ಟಿದ ಮೇಲಿನದು ಎಂಬ ತಿಳಿವಳಿಕೆಯೂ ಪೂರ್ತಿ ಸರಿಯಲ್ಲ. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಮಗುವಿಗೆ ಶಬ್ದಗಳು ಕೇಳಿಸುತ್ತವೆ. ಹುಟ್ಟಿ ಮೂರು ದಿನವೂ ತುಂಬದ ಶಿಶುಗಳು ಅಪರಿಚಿತ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನು ಕೇಳಲು ಬಯಸಿ, ಅದಕ್ಕೆ ತಕ್ಕಂತೆ ತಾವು ಚೀಪುವ ಲಯವನ್ನೇ ಬದಲಾಯಿಸಿಕೊಂಡವೆಂದು ಸಂಶೋಧಕರಾದ ಡಿಕ್ಯಾಸ್ಪರ್ ಮತ್ತು ಫೈಫರ್ 1980ರಲ್ಲಿ ತೋರಿಸಿದರು. ಹಾಗೆಂದು ಗರ್ಭದಲ್ಲೇ ಪಾಠ ಹೇಳಿಕೊಟ್ಟು ಮೇಧಾವಿಗಳನ್ನು ಹೆರಬಹುದೆಂದು ಮಾರಾಟಗಾರರು ಹೇಳುವ ಮಾತಿಗೆ ಈ ಪ್ರಯೋಗ ಆಧಾರವಾಗುವುದಿಲ್ಲ.

ಹುಟ್ಟಿದ ಮೇಲಿನ ಮೊದಲ ವರ್ಷದ ಬೆಳವಣಿಗೆಯ ವೇಗ ಮತ್ತೆಂದೂ ಮರುಕಳಿಸುವುದಿಲ್ಲ. ಸುಮಾರು ಐದು ತಿಂಗಳಿಗೆ ಜನನತೂಕ ಇಮ್ಮಡಿಯಾಗುತ್ತದೆ, ವರ್ಷಕ್ಕೆ ಮುಮ್ಮಡಿಯಾಗುತ್ತದೆ. ಹುಟ್ಟುವಾಗ ಸುಮಾರು 50 ಸೆಂ.ಮೀ. ಇದ್ದ ಉದ್ದ ವರ್ಷದಲ್ಲಿ 75 ಸೆಂ.ಮೀ. ಮುಟ್ಟುತ್ತದೆ. ನವಜಾತ ಶಿಶುವಿನ ತಲೆಯೊಂದೇ ದೇಹದ ಉದ್ದದ ಕಾಲುಭಾಗದಷ್ಟಿದ್ದು, ಉಳಿದ ಮೈ ನಿಧಾನವಾಗಿ ಅದನ್ನು ಸರಿಗಟ್ಟುತ್ತದೆ. ಚಲನೆಯ ಮೇಲಿನ ಹಿಡಿತವೂ ಬಹುಮಟ್ಟಿಗೆ ತಲೆಯಿಂದ ಕಾಲಿನ ಕಡೆಗೆ, ನಡುಮೈಯಿಂದ ಬೆರಳ ತುದಿಯ ಕಡೆಗೆ ಸಾಗುತ್ತದೆ: ಮೊದಲು ಕತ್ತು ನಿಲ್ಲುತ್ತದೆ, ಆಮೇಲೆ ಮಗು ಮಗುಚಿಕೊಂಡು ಬೋರಲಾಗುತ್ತದೆ, ಕೂರುತ್ತದೆ, ನಿಲ್ಲುತ್ತದೆ, ನಡೆಯುತ್ತದೆ, ಮೊದಲು ಇಡೀ ಅಂಗೈಯಿಂದ ಬಾಚಿಕೊಳ್ಳುವ ವಸ್ತುವನ್ನು ಕೆಲವು ತಿಂಗಳ ನಂತರ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಹೆಕ್ಕುತ್ತದೆ. ಇದೇ ಕಾಲದಲ್ಲಿ ಮೆದುಳಿನ ನರಕೋಶಗಳ ನಡುವೆ ಬೇಕಾದುದಕ್ಕಿಂತ ಹೆಚ್ಚು ಸಂಪರ್ಕಗಳು ಏರ್ಪಟ್ಟು, ಬಳಕೆಯಾದವು ಗಟ್ಟಿಗೊಳ್ಳುತ್ತ, ಬಳಕೆಯಾಗದವು ವರ್ಷಗಳುದ್ದಕ್ಕೂ ಕಳಚಿಕೊಳ್ಳುತ್ತ ಹೋಗುತ್ತವೆ.

ಈ ಕ್ರಮ ಬಹುಮಟ್ಟಿಗೆ ಒಂದೇ ಆದರೂ ಕಾಲ ಒಂದೇ ಅಲ್ಲ. ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕದ ಆರೋಗ್ಯವಂತ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಸರೆಯಿಲ್ಲದೆ ನಡೆಯುವ ಸಾಮರ್ಥ್ಯವು 8.2 ತಿಂಗಳಿಂದ 17.6 ತಿಂಗಳವರೆಗಿನ ಯಾವ ವಯಸ್ಸಿನಲ್ಲಿ ಬಂದರೂ ಸಹಜವೇ. ಅದೇ ಅಧ್ಯಯನದಲ್ಲಿ ಶೇ. 4.3ರಷ್ಟು ಮಕ್ಕಳು ಅಂಬೆಗಾಲಿಡುವ ಹಂತವನ್ನೇ ಬಿಟ್ಟು ಮುಂದೆ ಸಾಗಿದ್ದರು. ಸರಾಸರಿ ವಯಸ್ಸನ್ನು ಗಡುವೆಂದು ಭಾವಿಸಿ ಎರಡು ಮಕ್ಕಳನ್ನು ಪಕ್ಕಪಕ್ಕ ನಿಲ್ಲಿಸಿ ಹೋಲಿಸುವವರು ಈ ಅಂತರದ ಅಗಲವನ್ನು ಗಮನಿಸುವುದೇ ಇಲ್ಲ.

ವಿಕಾಸದ ಮೂರು ಮುಖಗಳು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ತಿಳಿಯಲು ಅಂಬೆಗಾಲಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಎಲೀನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ 1960ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಕ್ಕಳನ್ನು ದಪ್ಪ ಗಾಜಿನ ಹಾಸಿನ ಮೇಲೆ ಬಿಡಲಾಗಿತ್ತು; ಅದರ ಅರ್ಧಭಾಗದ ಕೆಳಗೆ ನೆಲ ಹತ್ತಿರದಲ್ಲಿದ್ದರೆ, ಉಳಿದರ್ಧದ ಕೆಳಗೆ ಆಳವಾದ ಪ್ರಪಾತ ಕಾಣಿಸುತ್ತಿತ್ತು. ಅಂಬೆಗಾಲಿಡುವ ಮಕ್ಕಳಲ್ಲಿ ಹೆಚ್ಚಿನವು ತಾಯಿ ಕರೆದರೂ ಆಳದ ಕಡೆಗೆ ಹೋಗಲಿಲ್ಲ. ಎತ್ತರದ ಭಯ ಹುಟ್ಟಿನಿಂದಲೇ ಬಂದಿರಬೇಕೆಂದು ಯಾರಿಗಾದರೂ ತೋರೀತು. ಆದರೆ ಜೋಸೆಫ್ ಕ್ಯಾಂಪೋಸ್ ಮತ್ತು ಸಂಗಡಿಗರ ಮುಂದಿನ ಅಧ್ಯಯನಗಳಲ್ಲಿ, ಇನ್ನೂ ತೆವಳದ ಮಕ್ಕಳು ಆಳವನ್ನು ಕಂಡರೂ ಅಂಜಲಿಲ್ಲವೆಂದೂ, ಅಂಜಿಕೆಯು ವಯಸ್ಸಿಗಿಂತ ಹೆಚ್ಚಾಗಿ ತಾನೇ ಚಲಿಸಿದ ಅನುಭವವನ್ನು ಅನುಸರಿಸಿ ಬರುತ್ತದೆಂದೂ ಕಂಡುಬಂತು. ಅಂದರೆ ಮೊಣಕಾಲು ಮತ್ತು ತೋಳುಗಳು ಕಲಿತ ಕೆಲಸವೊಂದು ಮನಸ್ಸಿನಲ್ಲಿ ಹೊಸ ಭಾವವನ್ನು ಹುಟ್ಟಿಸಿತು. ಇಷ್ಟಕ್ಕೆ ಮುಗಿಯಲಿಲ್ಲ. 1985ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಆಳವನ್ನು ಕಡಿಮೆ ಮಾಡಿ, ದಾಟಬಹುದೋ ಬಾರದೋ ಎಂಬ ಸಂದಿಗ್ಧವನ್ನು ಒಂದು ವರ್ಷದ ಮಕ್ಕಳ ಮುಂದಿಟ್ಟಾಗ, ಅವು ತಲೆಯೆತ್ತಿ ತಾಯಿಯ ಮುಖ ನೋಡಿದವು. ತಾಯಿ ನಗುಮೊಗದಲ್ಲಿದ್ದರೆ ಬಹುಪಾಲು ಮಕ್ಕಳು ದಾಟಿದವು, ಅವಳ ಮುಖದಲ್ಲಿ ಹೆದರಿಕೆ ಕಂಡರೆ ಒಂದು ಮಗುವೂ ದಾಟಲಿಲ್ಲ. ದೇಹದ ಚಲನೆ, ಅಪಾಯದ ಅರಿವು, ಇನ್ನೊಬ್ಬರ ಮುಖಭಾವದಿಂದ ಅರ್ಥ ತಿಳಿಯುವ ಸಾಮಾಜಿಕ ಜಾಣ್ಮೆ ಇವೆಲ್ಲ ಆ ಒಂದು ಗಾಜಿನ ಹಾಸಿನ ಮೇಲೆ ಒಟ್ಟಿಗೇ ಇದ್ದವು.

ಬುದ್ಧಿಯ ವಿಕಾಸದ ಚರ್ಚೆ ಇಂದಿಗೂ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆಯಿಂದಲೇ ಆರಂಭವಾಗುತ್ತದೆ. ಮಗುವು ಅರಿವನ್ನು ಹೊರಗಿನಿಂದ ತುಂಬಿಸಿಕೊಳ್ಳುವುದಿಲ್ಲ, ಮುಟ್ಟಿ, ಎಸೆದು, ಚೀಪಿ, ಪ್ರಯೋಗಿಸಿ ತಾನೇ ಕಟ್ಟಿಕೊಳ್ಳುತ್ತದೆ ಎಂಬುದು ಅವರ ಮುಖ್ಯ ವಿಚಾರ. ಎರಡು, ಏಳು ಮತ್ತು ಹನ್ನೊಂದನೆಯ ವಯಸ್ಸಿನ ಆಸುಪಾಸಿನಲ್ಲಿ ತಿರುವು ಪಡೆಯುವ ನಾಲ್ಕು ಹಂತಗಳನ್ನು ಅವರು ಗುರುತಿಸಿದರು. ಬಟ್ಟೆಯ ಕೆಳಗೆ ಬಚ್ಚಿಟ್ಟ ಆಟಿಕೆ ಇನ್ನೂ ಅಲ್ಲೇ ಇದೆಯೆಂದು ತಿಳಿದು ಮಗು ಅದನ್ನು ಹುಡುಕತೊಡಗುವುದು ಸುಮಾರು ಎಂಟು ತಿಂಗಳಲ್ಲಿ ಎಂದು ಅವರು ಕಂಡಿದ್ದರು. ಕೈಯಿಂದ ಹುಡುಕುವುದನ್ನು ಬಿಟ್ಟು, ಮಕ್ಕಳು ಎಷ್ಟು ಹೊತ್ತು ದಿಟ್ಟಿಸುತ್ತಾರೆ ಎಂಬುದನ್ನು ಅಳೆದ ನಂತರದ ಪ್ರಯೋಗಗಳು ಈ ಅರಿವಿನ ಸುಳಿವನ್ನು ಐದು ತಿಂಗಳ ಮಕ್ಕಳಲ್ಲೇ ಕಂಡವು. ಅರಿವು ಇದ್ದರೂ ಕೈ ಅದನ್ನು ಅನುಸರಿಸಲು ಕಾಯಬೇಕಾಗಿತ್ತೆಂದು ಹಲವರು ಅರ್ಥೈಸುತ್ತಾರೆ. ಪಿಯಾಜೆ ಹುಟ್ಟಿದ 1896ರಲ್ಲೇ ಹುಟ್ಟಿದ ರಷ್ಯಾದ ಲೆವ್ ವೈಗೋಟ್‌ಸ್ಕಿ ಮಾತ್ರ, ಮಗು ಒಂಟಿಯಾಗಿ ಏನು ಮಾಡಬಲ್ಲದು ಎಂಬುದಕ್ಕಿಂತ ಬಲ್ಲವರ ನೆರವಿನೊಡನೆ ಏನು ಮಾಡಬಲ್ಲದು ಎಂಬುದನ್ನು ಮುಖ್ಯವೆಂದು ಎಣಿಸಿದರು.

ಭಾಷೆಯ ವಿಷಯದಲ್ಲಿ ವಿಕಾಸವೆಂದರೆ ಗಳಿಕೆ ಮಾತ್ರವಲ್ಲ, ಕಳೆದುಕೊಳ್ಳುವುದೂ ಹೌದು. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮಾತನಾಡುವ ಮನೆಗಳ ಆರರಿಂದ ಎಂಟು ತಿಂಗಳ ಮಕ್ಕಳು ಹಿಂದಿಯ ‘ತ’ ಮತ್ತು ‘ಟ’ ಧ್ವನಿಗಳ ವ್ಯತ್ಯಾಸವನ್ನು ಗುರುತಿಸಿದರೆ, ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಸಾಮರ್ಥ್ಯ ಬಹುಮಟ್ಟಿಗೆ ಇಲ್ಲವಾಗಿತ್ತು. ತನ್ನ ಸುತ್ತ ಕೇಳಿಬರುವ ನುಡಿಗೆ ಕಿವಿ ಹೀಗೆ ಒಗ್ಗಿಕೊಳ್ಳುವ ಹೊತ್ತಿಗೇ, ಅಂದರೆ ವರ್ಷ ತುಂಬುವ ಸುಮಾರಿಗೆ, ಮೊದಲ ಪದ ಹೊರಡುತ್ತದೆ. ಎರಡು ವರ್ಷದೊಳಗೆ ಎರಡು ಪದಗಳ ಜೋಡಣೆ ಕಾಣಿಸುತ್ತದೆ.

ಸಾಮಾಜಿಕ ವಿಕಾಸದ ಮೊದಲ ಗುರುತು ಆರರಿಂದ ಎಂಟು ವಾರಗಳಲ್ಲಿ, ಮುಖ ನೋಡಿ ನಗುವುದರಲ್ಲಿ ಕಾಣುತ್ತದೆ. ಏಳೆಂಟು ತಿಂಗಳಿಗೆ ಅದೇ ಮಗು ಅಪರಿಚಿತರನ್ನು ಕಂಡು ಅಳುವುದನ್ನು ಹಟವೆಂದು ತಿಳಿಯುವವರಿದ್ದಾರೆ. ತನ್ನವರನ್ನು ಬೇರೆಯವರಿಂದ ಬೇರ್ಪಡಿಸಿ ನೋಡಬಲ್ಲ ಬುದ್ಧಿ ಬಂದುದರ ಫಲ ಅದು. ತನ್ನನ್ನು ನೋಡಿಕೊಳ್ಳುವವರೊಡನೆ ಮಗು ಬೆಸೆದುಕೊಳ್ಳುವ ಈ ನಂಟನ್ನು ಜಾನ್ ಬೌಲ್ಬಿ ಮತ್ತು ಮೇರಿ ಐನ್ಸ್‌ವರ್ತ್ ವಿವರವಾಗಿ ಅಧ್ಯಯನ ಮಾಡಿದರು. ನಂಟೇ ದೊರೆಯದಿದ್ದರೆ ಏನಾಗುತ್ತದೆಂಬುದಕ್ಕೆ ರೊಮೇನಿಯಾದ ಅನಾಥಾಲಯಗಳ ಮಕ್ಕಳನ್ನು ಕುರಿತು 2000ದ ಸುಮಾರಿಗೆ ಬುಕಾರೆಸ್ಟ್ ನಗರದಲ್ಲಿ ಆರಂಭವಾದ ಅಧ್ಯಯನ ಕಠೋರ ಸಾಕ್ಷ್ಯ ಒದಗಿಸಿತು. ಅಲ್ಲಿನ ಮಕ್ಕಳು ಬುದ್ಧಿ ಮತ್ತು ಭಾಷೆಯಲ್ಲಷ್ಟೇ ಅಲ್ಲ, ಎತ್ತರದಲ್ಲೂ ಹಿಂದುಳಿದಿದ್ದರು. ಪೋಷಕ ಕುಟುಂಬಗಳಿಗೆ ಕಳುಹಿಸಲಾದ ಮಕ್ಕಳು ಚೇತರಿಸಿಕೊಂಡರು, ಎರಡು ವರ್ಷ ತುಂಬುವ ಮೊದಲೇ ಹೋದವರು ಹಲವು ವಿಷಯಗಳಲ್ಲಿ ಹೆಚ್ಚು ಚೇತರಿಸಿಕೊಂಡರು.

ನಾಲ್ಕು ವರ್ಷದ ಹೊತ್ತಿಗೆ ಮಗುವಿಗೆ ಇನ್ನೊಬ್ಬರ ಮನಸ್ಸಿನಲ್ಲಿ ತನಗಿಂತ ಬೇರೆಯಾದ, ತಪ್ಪೂ ಆಗಿರಬಹುದಾದ ನಂಬಿಕೆ ಇರಬಲ್ಲದೆಂಬುದು ಹೊಳೆಯುತ್ತದೆ; ಅರ್ಥಪೂರ್ಣ ಸುಳ್ಳು, ಗುಟ್ಟು, ಕಣ್ಣಾಮುಚ್ಚಾಲೆಯ ನಿಜವಾದ ಆಟ ಇವೆಲ್ಲ ಆಮೇಲಿನವು. ಆರರಿಂದ ಹನ್ನೊಂದರವರೆಗೆ ದೇಹದ ಬೆಳವಣಿಗೆ ವರ್ಷಕ್ಕೆ ಐದಾರು ಸೆಂ.ಮೀ.ಗೆ ಇಳಿದು, ಹಾಲುಹಲ್ಲು ಬಿದ್ದು, ಗೆಳೆಯರ ಅಭಿಪ್ರಾಯಕ್ಕೆ ಮನೆಯವರ ಮಾತಿನಷ್ಟೇ ಬೆಲೆ ಬರುತ್ತದೆ.

ಮೈಲಿಗಲ್ಲುಗಳ ಪಟ್ಟಿಯನ್ನು ಬಳಸುವಾಗ ಎರಡು ಸಂಗತಿಗಳನ್ನು ಗಮನಿಸಬೇಕು. ದಿನ ತುಂಬುವ ಮೊದಲೇ ಹುಟ್ಟಿದ ಮಗುವಿನ ವಯಸ್ಸನ್ನು, ಸಾಮಾನ್ಯವಾಗಿ ಎರಡು ವರ್ಷದವರೆಗೆ, ಹುಟ್ಟಬೇಕಾಗಿದ್ದ ದಿನಾಂಕದಿಂದ ಎಣಿಸಬೇಕು. ಎರಡು ತಿಂಗಳು ಮುಂಚೆ ಹುಟ್ಟಿದ ಆರು ತಿಂಗಳ ಮಗುವನ್ನು ನಾಲ್ಕು ತಿಂಗಳ ಮಗುವಿನ ಅಳತೆಯಲ್ಲೇ ನೋಡಬೇಕು. ಎರಡನೆಯದಾಗಿ, ತುಸು ತಡವಾಗಿ ಕಲಿಯುವುದು ಹಲವು ಬಾರಿ ಸಹಜ ವ್ಯತ್ಯಾಸದೊಳಗೇ ಇರುತ್ತದೆ, ಆದರೆ ಆಡುತ್ತಿದ್ದ ಪದಗಳನ್ನು ನಿಲ್ಲಿಸುವುದು, ಕೂರುತ್ತಿದ್ದ ಮಗು ಕೂರಲಾರದಂತಾಗುವುದು, ಹೀಗೆ ಒಮ್ಮೆ ಬಂದ ಸಾಮರ್ಥ್ಯ ಇಲ್ಲವಾಗುವುದು ಯಾವ ವಯಸ್ಸಿನಲ್ಲಾದರೂ ಕಾದು ನೋಡುವ ವಿಷಯವಲ್ಲ. ಅಂಥ ಮಗುವನ್ನು ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.