ಅಸ್ತಮಾಕ್ಕೆ ಕಾರಣ ಹುಡುಕಿದ ಬಗೆ

ಅಸ್ತಮಾದ ಇತಿಹಾಸ ಓದುವಾಗ ಒಂದು ವಿಷಯ ಗಮನದಲ್ಲಿರಲಿ. ಉಬ್ಬಸ ಯಾವುದರಿಂದ ಕೆರಳುತ್ತದೆ ಎಂಬುದನ್ನು ಹಳಬರು ಚೆನ್ನಾಗಿಯೇ ಗುರುತಿಸಿದ್ದರು. ಎಡವಿದ್ದು, ಯಾಕೆ ಕೆರಳುತ್ತದೆ ಎಂದು ಹೇಳಹೊರಟಾಗ.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೇ ಅಧ್ಯಾಯ ನೋಡಿ. ಅಲ್ಲಿನ ಐದು ಶ್ವಾಸರೋಗಗಳಲ್ಲಿ ಅಸ್ತಮಾಕ್ಕೆ ಹತ್ತಿರದ್ದು ತಮಕಶ್ವಾಸ. ಧೂಳು, ಹೊಗೆ, ತಣ್ಣೀರು ಶ್ವಾಸರೋಗದ ಕಾರಣಗಳಲ್ಲಿ ಸೇರಿವೆ. ಮೋಡ ಕವಿದರೆ, ಮೂಡಣ ಗಾಳಿ ಬೀಸಿದರೆ ತಮಕ ಜೋರಾಗುತ್ತದೆ. ಮಲಗಿದರೆ ಸಂಕಟ, ಎದ್ದು ಕೂತರೆ ಹಾಯೆನಿಸುತ್ತದೆ, ಕಫ ಹೊರಬಿದ್ದರೆ ಸ್ವಲ್ಪ ಹೊತ್ತು ಸುಖ. ಇಂದಿನ ಕೇಸ್‌ಶೀಟಿನಲ್ಲೂ ಇದನ್ನೇ ಬರೆಯುತ್ತೇವೆ. ವಿವರಣೆ ಮಾತ್ರ ಕಫ-ವಾತಗಳದು. ಗ್ರೀಕ್ ಪರಂಪರೆಯ ವೈದ್ಯ ಗ್ಯಾಲೆನ್ ಕೂಡ ದಪ್ಪ ಕಫವನ್ನೇ ದೂರಿದ.

17ನೇ ಶತಮಾನದಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ನರಗಳತ್ತ ಬೊಟ್ಟು ಮಾಡಿದ. ಈ ವಾದಕ್ಕೆ ಗಟ್ಟಿ ರೂಪ ಕೊಟ್ಟವನು ಇಂಗ್ಲೆಂಡಿನದೇ ವೈದ್ಯ ಹೆನ್ರಿ ಹೈಡ್ ಸಾಲ್ಟರ್. ಸ್ವತಃ ಅಸ್ತಮಾ ರೋಗಿಯಾಗಿದ್ದ ಆತನ ಗ್ರಂಥ 1860ರದು. ಶ್ವಾಸನಾಳದ ಸ್ನಾಯು ಬಿಗಿಯುತ್ತದೆ ಎಂದ, ಅದು ಸರಿ. ನರಗಳ ತೊಂದರೆಯಿಂದ ಬಿಗಿಯುತ್ತದೆ ಎಂದ, ಅಲ್ಲಿ ದಾರಿ ತಪ್ಪಿತು. ಬರಿಹೊಟ್ಟೆಯಲ್ಲಿ ಸ್ಟ್ರಾಂಗ್ ಕಾಫಿ ಕುಡಿಯಿರಿ ಎಂಬುದು ಅವನ ಸಲಹೆ; ನಿದ್ದೆಯ ಮಂಪರು ದಮ್ಮಿಗೆ ಅನುಕೂಲ, ಕಾಫಿ ಅದನ್ನು ಓಡಿಸುತ್ತದೆ ಎಂಬುದು ಅವನ ತರ್ಕ. ಕಾಫಿಯಿಂದ ತುಸು ಆರಾಮ ಸಿಗುವುದು ನಿಜ, ಆದರೆ ಕಾರಣ ಬೇರೆ: ಕೆಫೀನ್ ಮತ್ತು ಅಸ್ತಮಾದ ಔಷಧಿ ಥಿಯೋಫಿಲಿನ್ ಒಂದೇ ರಾಸಾಯನಿಕ ಕುಟುಂಬದವು.

ನರದ ವಾದ 20ನೇ ಶತಮಾನದಲ್ಲಿ ಮನಸ್ಸಿನ ವಾದವಾಯಿತು. ನನ್ನ ಮಟ್ಟಿಗೆ ಇಡೀ ಚರಿತ್ರೆಯಲ್ಲಿ ಅತ್ಯಂತ ಅನ್ಯಾಯದ ಘಟ್ಟ ಇದು. ಅಮೆರಿಕದ ಮನೋವಿಶ್ಲೇಷಕ ಫ್ರಾಂಜ್ ಅಲೆಕ್ಸಾಂಡರ್ ಮತ್ತು ಸಂಗಡಿಗರು ಮಗುವಿನ ಉಬ್ಬಸವನ್ನು ತಾಯಿಗಾಗಿ ಅದುಮಿಟ್ಟ ಅಳು ಎಂದರು. ತೀವ್ರ ಅಸ್ತಮಾದ ಮಕ್ಕಳನ್ನು ಮನೆ ಬಿಡಿಸಿ ಅಮೆರಿಕದ ಡೆನ್ವರ್ ನಗರದ ಆರೈಕೆ ಕೇಂದ್ರದಲ್ಲಿ ಇರಿಸುತ್ತಿದ್ದರು. ಹಲವರು ಚೇತರಿಸಿಕೊಂಡರು, ತಪ್ಪೆಲ್ಲ ಹೆತ್ತವರ ತಲೆಗೆ ಬಂತು. ಆದರೆ ಮಗು ಬಿಟ್ಟುಬಂದದ್ದು ಅಪ್ಪ-ಅಮ್ಮನನ್ನಷ್ಟೇ ಅಲ್ಲ, ಹಾಸಿಗೆ-ದಿಂಬನ್ನೂ! 1964ರ ಸುಮಾರಿಗೆ ನೆದರ್‌ಲೆಂಡ್ಸ್‌ನ ಲೈಡನ್ ಸಂಶೋಧಕರು ಮನೆಧೂಳಿನ ಅಲರ್ಜಿಯ ಮೂಲ ಹಾಸಿಗೆ-ದಿಂಬಿನಲ್ಲಿ ಬೀಡುಬಿಡುವ ಒಂದು ಸೂಕ್ಷ್ಮ ನುಸಿ ಎಂದು ತೋರಿಸಿದರು. ಡೆನ್ವರ್‌ನಂಥ ಎತ್ತರದ ಒಣಹವೆಯಲ್ಲಿ ಈ ನುಸಿಗೆ ಬದುಕು ಕಷ್ಟ.

1966ರಲ್ಲಿ ಅದೇ ಡೆನ್ವರ್ ಸಂಸ್ಥೆಯಲ್ಲಿ ಇಶಿಝಾಕಾ ದಂಪತಿ ಅಲರ್ಜಿಗೆ ಕಾರಣವಾಗುವ ಪ್ರತಿಕಾಯ (ದೇಹದ ರಕ್ಷಣಾ ಪ್ರೋಟೀನು) ಐಜಿಇಯನ್ನು ಗುರುತಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಸ್ವೀಡನ್ನಿನಲ್ಲಿ ಬೆನ್ನಿಚ್ ಮತ್ತು ಯೋಹಾನ್ಸನ್ ಕೂಡ. ಹಾಗೆಂದು ಎಲ್ಲ ಅಸ್ತಮಾವೂ ಅಲರ್ಜಿಯದಲ್ಲ. ಅತ್ತಾಗ, ನಕ್ಕಾಗ, ಗಾಬರಿಯಾದಾಗ ದಮ್ಮು ಬರುವುದೂ ನಿಜವೇ. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಅವನ್ನು ಪ್ರಚೋದಕಗಳಲ್ಲಿ ಸೇರಿಸಿ, ಮೂಲಕಾರಣಗಳಲ್ಲಿ ಬೇಡ.