ಹೇಸ್‌ಬರೋ: ಸಮುದ್ರ ತಿಂದು ತೋರಿಸುವ ದಂಡೆ

ಇಂಗ್ಲೆಂಡಿನ ಕಡಲತೀರ ಅಂದರೆ ಬ್ರೈಟನ್ನಿನ ಜನಜಂಗುಳಿ ಅಂದುಕೊಂಡವರು ಒಮ್ಮೆ ಪೂರ್ವ ತೀರದ ನಾರ್ಫೋಕ್ ಕಡೆ ಹೋಗಿ ಬರಬೇಕು. ಅಲ್ಲಿ ಹೇಸ್‌ಬರೋ ಎಂಬ ಚಿಕ್ಕ ಹಳ್ಳಿ ಇದೆ (ಮ್ಯಾಪಿನಲ್ಲಿ ಹುಡುಕುವಾಗ ‘ಹ್ಯಾಪಿಸ್‌ಬರ್ಗ್’ ಅಂತ ಕಾಣುವ ಊರೇ ಇದು). ಎತ್ತರದ ಚರ್ಚ್ ಗೋಪುರ, 1790ರಲ್ಲಿ ಕಟ್ಟಿದ ಕೆಂಪು-ಬಿಳಿ ಪಟ್ಟೆಯ ದೀಪಸ್ತಂಭ, ಹೊಲಗಳು, ಹೊಲ ಮುಗಿದಲ್ಲಿ ಕಡಿದು ನಿಂತ ದಿಬ್ಬ, ಅದರ ಕೆಳಗೆ ಮರಳು. ಅಷ್ಟೇ. ಆದರೆ ಆಫ್ರಿಕಾ ಬಿಟ್ಟರೆ ಮನುಷ್ಯ ಕುಲದ ಅತಿ ಹಳೆಯ ಹೆಜ್ಜೆಗುರುತು ಸಿಕ್ಕಿದ್ದು ಈ ಮರಳಿನ ಅಡಿಯಲ್ಲೇ.

2013ರ ಮೇ ತಿಂಗಳು. ದಂಡೆಯ ಮರಳನ್ನು ಅಲೆಗಳು ಎಳೆದುಕೊಂಡು ಹೋಗಿದ್ದವು, ಕೆಳಗಿದ್ದ ಗಟ್ಟಿ ಕೆಸರಿನ ಪದರ ಬಯಲಾಗಿತ್ತು. ಅದರ ಮೇಲೆ ಉದ್ದುದ್ದದ ಕುಳಿಗಳು. ಅಲೆ ಕೊರೆದ ಕುಳಿಗಳೋ, ಪಾದದ ಗುರುತೋ? ಬ್ರಿಟಿಷ್ ಮ್ಯೂಸಿಯಂನ ನಿಕ್ ಆಷ್ಟನ್ ಮತ್ತು ಜೊತೆಗಾರರಿಗೆ ಇದ್ದ ಸಮಯ ತೀರಾ ಕಡಿಮೆ, ಯಾಕೆಂದರೆ ಉಬ್ಬರ ಬಂದಾಗಲೆಲ್ಲ ಜಾಗ ಮುಳುಗುತ್ತಿತ್ತು, ಇಳಿತದ ಹೊತ್ತಿನಲ್ಲಿ ಕುಳಿಗಳಲ್ಲಿ ನಿಂತ ನೀರು ತೆಗೆದು, ಹಲವು ಕೋನಗಳಿಂದ ಫೋಟೋ ಹೊಡೆದು, ಆಮೇಲೆ ಅವನ್ನೆಲ್ಲ ಕಂಪ್ಯೂಟರಿನಲ್ಲಿ ಜೋಡಿಸಿ ಮೂರು ಆಯಾಮದ ಮಾದರಿ ಮಾಡಬೇಕಿತ್ತು. ಮಾದರಿಯಲ್ಲಿ ಹಿಮ್ಮಡಿ, ಪಾದದ ಕಮಾನು, ಬೆರಳುಗಳೂ ಕಂಡವು. ಒಟ್ಟು 49 ಗುರುತುಗಳಲ್ಲಿ 12ನ್ನು ಸರಿಯಾಗಿ ಅಳೆಯಲು ಆಯಿತು. ಎರಡು ವಾರದೊಳಗೆ ಎಲ್ಲ ಅಳಿಸಿಹೋಯಿತು.

ಅಳತೆಯಲ್ಲೇ ಸ್ವಾರಸ್ಯ ಇರುವುದು. ಪಾದಗಳ ಉದ್ದ ಸುಮಾರು 14ರಿಂದ 26 ಸೆಂಟಿಮೀಟರ್. ಮನುಷ್ಯರ ಪಾದ ಸಾಮಾನ್ಯವಾಗಿ ಎತ್ತರದ ಶೇ. 15ರಷ್ಟು ಇರುತ್ತದೆ, ಬೇಕಿದ್ದರೆ ನಿಮ್ಮ ಪಾದವನ್ನೇ ಅಳೆದು ನೋಡಿ. ಆ ಲೆಕ್ಕದಲ್ಲಿ ಇವರ ಎತ್ತರ ಸುಮಾರು 90 ಸೆಂಟಿಮೀಟರಿನಿಂದ 1.7 ಮೀಟರ್. ಅಂದರೆ ಕಡಿಮೆ ಅಂದರೂ ಐದು ಜನ, ದೊಡ್ಡವರು, ಮಕ್ಕಳು ಎಲ್ಲ. ಹೆಚ್ಚಿನ ಹೆಜ್ಜೆಗಳು ದಕ್ಷಿಣಕ್ಕೆ ಹೊರಟಿವೆ. ಬೇಟೆಗೆ ಹೊರಟ ಗಂಡಸರ ಗುಂಪು ಅಂತ ಚಿತ್ರ ಬರೆಯುವವರಿಗೆ ಇದು ಒಳ್ಳೆಯ ಉತ್ತರ, ಅಲ್ವಾ?

ಇಷ್ಟಕ್ಕೂ ಎಷ್ಟು ಹಳೆಯದು? 8.5 ಲಕ್ಷದಿಂದ 9.5 ಲಕ್ಷ ವರ್ಷ. ಕೆಸರಿನ ವಯಸ್ಸು ಕಂಡುಹಿಡಿಯಲು ಒಂದು ಸಾಕ್ಷಿ ಸಾಲದು. ಕೆಸರು ತಣ್ಣಗೆ ಕೂರುವಾಗ ಅದರೊಳಗಿನ ಕಬ್ಬಿಣದ ಸಣ್ಣ ಕಣಗಳು ಆಗಿನ ಭೂಕಾಂತ ಇದ್ದ ದಿಕ್ಕಿಗೆ ಹೊಂದಿಕೊಳ್ಳುತ್ತವೆ. ಹೇಸ್‌ಬರೋ ಕೆಸರಿನಲ್ಲಿ ಆ ದಿಕ್ಕು ಈಗಿನದಕ್ಕೆ ತಲೆಕೆಳಗು. ಭೂಮಿಯ ಕಾಂತ ಕೊನೆಯ ಬಾರಿ ಅದಲುಬದಲಾಗಿ ನೆಲೆ ನಿಂತದ್ದು ಸುಮಾರು 7.8 ಲಕ್ಷ ವರ್ಷದ ಹಿಂದೆ, ಹಾಗಾಗಿ ಕೆಸರು ಅದಕ್ಕಿಂತ ಹಳೆಯದು. ಇದರ ಜೊತೆಗೆ ಅಳಿದುಹೋದ ಒಂದು ಜಾತಿಯ ಮ್ಯಾಮತ್, ಕುದುರೆಗಳ ಪಳೆಯುಳಿಕೆ, ಪೈನ್ ಮತ್ತು ಸ್ಪ್ರೂಸ್ ಮರಗಳ ಪರಾಗ. ಈಗಿನ ದಕ್ಷಿಣ ಸ್ಕ್ಯಾಂಡಿನೇವಿಯಾದಂಥ ಚಳಿ ಇತ್ತು ಅನ್ನುವುದು ಆ ಪರಾಗದಂಥ ಸಾಕ್ಷಿಗಳಿಂದ ತಿಳಿದದ್ದು. ಬ್ರಿಟನ್ ಆಗ ದ್ವೀಪ ಆಗಿರಲಿಲ್ಲ, ಯೂರೋಪಿಗೆ ಅಂಟಿಕೊಂಡಿತ್ತು. ಲಂಡನ್ನಿನ ಥೇಮ್ಸ್ ನದಿಯೇ ಆಗ ಇಲ್ಲಿ ಕಡಲು ಸೇರುತ್ತಿತ್ತು, ಇವರು ನಡೆದದ್ದು ಅದರ ಅಳಿವೆಯ ಕೆಸರಿನಲ್ಲಿ. ಸುಮಾರು 4.5 ಲಕ್ಷ ವರ್ಷದ ಹಿಂದೆ ಉತ್ತರದಿಂದ ಬಂದ ಹಿಮದ ರಾಶಿ ನದಿಯನ್ನು ದಕ್ಷಿಣಕ್ಕೆ ತಳ್ಳಿತು.

ಅದೇ ಹಿಮ ತಂದು ಸುರಿದ ಜೇಡಿ, ಮರಳು ಇವತ್ತಿನ ದಿಬ್ಬ. ಕಲ್ಲಿನ ಬಂಡೆ ಅಲ್ಲವೇ ಅಲ್ಲ. ಮೇಲಿನಿಂದ ಮಳೆನೀರು ಇಳಿದು ಒಳಗೆ ಸಡಿಲ ಮಾಡುತ್ತದೆ, ಕೆಳಗೆ ಅಲೆ ಬುಡ ಕೊರೆಯುತ್ತದೆ, ಆಮೇಲೆ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ತುಂಡು ತುಂಡಾಗಿ ಕಳಚುತ್ತದೆ. 1953ರ ದೊಡ್ಡ ಪ್ರವಾಹದ ನಂತರ ಅಲೆ ತಡೆಯಲು ಹಾಕಿದ ಮರದ ತಡೆಗಳು ಬಿರುಗಾಳಿಗೆ ಮುರಿದವು, ಪೂರ್ತಿಯಾಗಿ ಮತ್ತೆ ಕಟ್ಟಲಿಲ್ಲ. ಬೀಚ್ ರೋಡ್ ಅನ್ನುವ ಬೀದಿಯ ಹಲವು ಮನೆಗಳು ಹೋದವು.

ಗೋಡೆ ಕಟ್ಟಬಾರದಿತ್ತಾ ಅಂತ ಯಾರಿಗಾದರೂ ಅನಿಸುತ್ತದೆ. ದುಡ್ಡಿನ ಮಾತು ಇದ್ದದ್ದೇ, ಆದರೆ ಇನ್ನೊಂದು ತೊಡಕಿದೆ. ಇಲ್ಲಿ ಕುಸಿದ ಮರಳನ್ನು ಅಲೆಗಳು ಆಗ್ನೇಯಕ್ಕೆ ಒಯ್ದು ಮುಂದಿನ ಊರುಗಳ ದಂಡೆಗೆ ಹಾಕುತ್ತವೆ. ಅಲ್ಲಿ ನೆಲ ತಗ್ಗು, ಆ ಮರಳೇ ಅವರಿಗೆ ಕಾವಲು. ಇಲ್ಲಿ ಕಟ್ಟಿದರೆ ಅಲ್ಲಿ ಮರಳಿಗೆ ಬರ. ಕೆಸರಿನ ಪದರವೂ ಮುಚ್ಚಿಯೇ ಇರುತ್ತಿತ್ತು, ಹೆಜ್ಜೆಗಳು ಸಿಗುತ್ತಿರಲಿಲ್ಲ. ಇದೆಲ್ಲ ಸರಿ, ಆದರೆ ವಿಜ್ಞಾನಕ್ಕೆ ಲಾಭ ಆಯಿತು ಅಂತ ಮನೆ ಹೋದವರ ಮುಂದೆ ಹೇಳುವ ಧೈರ್ಯ ನನಗಂತೂ ಇಲ್ಲ. ದಿಬ್ಬ ಕುಸಿದು ಮನೆ ಹೋದರೆ ಅಲ್ಲಿ ಸರ್ಕಾರದಿಂದ ಹಕ್ಕಿನ ಪರಿಹಾರವೂ ಇಲ್ಲ.

ಹೋಗುವವರು ಉಬ್ಬರ-ಇಳಿತದ ಸಮಯ ನೋಡಿಕೊಂಡು ಇಳಿತಕ್ಕೆ ಹೋಗಿ. ದಿಬ್ಬದ ಬುಡದಲ್ಲಿ ಕೂರಬೇಡಿ, ಅಂಚಿಗೂ ಹೋಗಬೇಡಿ, ಅದರಲ್ಲೂ ಮಳೆ ಬಂದ ಮರುದಿನ. ಹೆಜ್ಜೆ ಕಾಣುತ್ತದೆ ಅಂತ ಆಸೆ ಇಟ್ಟುಕೊಂಡು ಹೋದರೆ ನಿರಾಸೆಯೇ ಜಾಸ್ತಿ. ಆದರೆ ಚಕಮಕಿ ಕಲ್ಲುಗಳ ಮೇಲೆ ಸುಮ್ನೆ ಕಣ್ಣಿಟ್ಟಿರಿ: 2000ದಲ್ಲಿ ನಾಯಿ ಕರೆದುಕೊಂಡು ವಾಕಿಂಗ್ ಹೊರಟಿದ್ದ ಊರವರೊಬ್ಬರಿಗೆ ಇದೇ ದಂಡೆಯಲ್ಲಿ ಒಂದು ಕಲ್ಲಿನ ಕೈಕೊಡಲಿ ಸಿಕ್ಕಿತ್ತು, ಇಲ್ಲಿನ ದೊಡ್ಡ ಹುಡುಕಾಟ ಶುರುವಾದದ್ದು ಅಲ್ಲಿಂದ.