ಪದ ಪರಿಚಯ: ಎರಡು ಕಡೆಯ ರೆಫರೆನ್ಸ್

ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವೇರಿಯೇಬಲ್ ಒಳಗೆ ಆಬ್ಜೆಕ್ಟ್ ಇರುವುದಿಲ್ಲ. ಆ ಆಬ್ಜೆಕ್ಟ್ ಎಲ್ಲಿದೆ ಎನ್ನುವ ಗುರುತು ಮಾತ್ರ ಇರುತ್ತದೆ. ಆ ಗುರುತೇ ರೆಫರೆನ್ಸ್. ಮೊಬೈಲಿನಲ್ಲಿ ಅಮ್ಮನ ನಂಬರ್ ಇರುತ್ತದೆ, ಅಮ್ಮ ಇರುವುದಿಲ್ಲ ಅಲ್ವಾ, ಹಾಗೆ.

ಎರಡು ಆಬ್ಜೆಕ್ಟ್‌ಗಳು ಒಂದರ ಗುರುತನ್ನು ಇನ್ನೊಂದು ಇಟ್ಟುಕೊಂಡರೆ ಅದು ಎರಡು ಕಡೆಯ ರೆಫರೆನ್ಸ್. ಮಲ್ಪೆ ಬಂದರನ್ನೇ ನೋಡಿ. ಬೋಟಿಗೆ ಒಬ್ಬ ತಂಡೇಲ (ಬೋಟು ನಡೆಸುವವನು), ತಂಡೇಲನಿಗೆ ಒಂದು ಬೋಟು. ಬೋಟು ಕ್ಲಾಸಿನಲ್ಲಿ (ಕ್ಲಾಸ್ ಎಂದರೆ ಆಬ್ಜೆಕ್ಟ್ ಮಾಡುವ ಅಚ್ಚು) ತಂಡೇಲ ಎಂಬ ಫೀಲ್ಡ್ (ಆಬ್ಜೆಕ್ಟ್ ಒಳಗಿನ ವೇರಿಯೇಬಲ್), ತಂಡೇಲ ಕ್ಲಾಸಿನಲ್ಲಿ ಬೋಟು ಎಂಬ ಫೀಲ್ಡ್.

ಪಕ್ಕದ ಮನೆಯ ಹುಡುಗಿ ಇದನ್ನು ಬರೆದು ತಂದಿದ್ದಳು. ಎರಡೂ ಕನ್‌ಸ್ಟ್ರಕ್ಟರ್‌ಗಳಲ್ಲಿ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಕೋಡ್) ಹೊಸ ಆಬ್ಜೆಕ್ಟ್ ಹುಟ್ಟಿಸುವ 'ನ್ಯೂ' ಹಾಕಿದ್ದಳು. ಬೋಟು ಹುಟ್ಟುವಾಗ ಒಬ್ಬ ತಂಡೇಲನನ್ನು ಹುಟ್ಟಿಸಿತು. ಆ ತಂಡೇಲ ಇನ್ನೊಂದು ಬೋಟನ್ನು, ಆ ಬೋಟು ಮತ್ತೊಬ್ಬ ತಂಡೇಲನನ್ನು. ಇದು ಮುಗಿಯದೆ, ಕರೆಗಳಿಗೆ ಇಟ್ಟ ಮೆಮೊರಿ ತುಂಬಿ, ಕೊನೆಗೆ ಸ್ಕ್ರೀನ್ ಮೇಲೆ ಬಂದದ್ದು ಸ್ಟ್ಯಾಕ್‌ಓವರ್‌ಫ್ಲೋಎರರ್. "ಮೊದಲು ಎರಡನ್ನೂ ಬೇರೆ ಬೇರೆ ಮಾಡು ಮಗಾ, ಆಮೇಲೆ ಕಟ್ಟು" ಎಂದೆ (ಇಲ್ಲಿ ಬೋ ಒಂದು ಬೋಟು, ತಂ ಒಬ್ಬ ತಂಡೇಲ):

ಬೋ.ತಂಡೇಲ = ತಂ;
ತಂ.ಬೋಟು = ಬೋ;

(ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಇಟ್ಟರೂ ಜಾವಾ ಒಪ್ಪುತ್ತದೆ. ಹೊಸಬರಿಗೆ ಹೇಳಿಕೊಡುವಾಗ ನನಗೆ ಇದೇ ಇಷ್ಟ.)

ಜಾಸ್ತಿ ಜನ ಎಡವುವುದು ಇದರ ಮುಂದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ಮುಗಿದು, ಬೋಟು ಹೊಸ ತಂಡೇಲನೊಂದಿಗೆ ಕಡಲಿಗೆ ಇಳಿಯಿತು ಎಂದಿಟ್ಟುಕೊಳ್ಳಿ. ನೀವು ಬೋಟಿನ ಫೀಲ್ಡ್ ಮಾತ್ರ ಬದಲಿಸಿದಿರಿ. ಹಳೆಯ ತಂಡೇಲನ ಫೀಲ್ಡಿನಲ್ಲಿ ಇನ್ನೂ ಅದೇ ಬೋಟು ಇದೆ. ಹೊಸಬನ ಫೀಲ್ಡಿನಲ್ಲಿ 'ನಲ್', ಅಂದರೆ ಏನೂ ಇಲ್ಲ. ಕಂಪೈಲರ್ ಬಾಯಿ ಬಿಡುವುದಿಲ್ಲ, ಲೆಕ್ಕ ಮಾತ್ರ ಸುಮ್ನೆ ತಪ್ಪುತ್ತಾ ಹೋಗುತ್ತದೆ. ಅದಕ್ಕೇ ಎರಡೂ ಫೀಲ್ಡ್‌ಗಳನ್ನು ಪ್ರೈವೇಟ್ ಮಾಡಿ (ಹೊರಗಿನ ಕೋಡ್ ನೇರವಾಗಿ ಮುಟ್ಟದಂತೆ), ಬದಲಾವಣೆಗೆ ಒಂದೇ ಮೆಥಡ್ ಇಡಿ. ಹಳಬನನ್ನು ಬಿಡಿಸುವುದು, ಹೊಸಬನನ್ನು ಬೋಟಿಗೆ ಹಾಕುವುದು, ಅವನಿಗೆ ಬೋಟು ಕೊಡುವುದು, ಮೂರೂ ಅದರೊಳಗೇ ಆಗಲಿ. ಇನ್ನು ತಂಡೇಲನಿಗೆ ಬೋಟು ಯಾವುದೆಂದು ನಿಮ್ಮ ಪ್ರೋಗ್ರಾಮ್ ಎಲ್ಲೂ ಕೇಳುವುದೇ ಇಲ್ಲವಾದರೆ ಒಂದು ಕಡೆಯ ರೆಫರೆನ್ಸ್ ಸಾಕು. ನಾನಾದರೆ ಅದನ್ನೇ ಆರಿಸುತ್ತೇನೆ.

ಆಬ್ಜೆಕ್ಟನ್ನು ಓದುವ ಅಕ್ಷರಗಳಾಗಿ ಕೊಡುವ ಟುಸ್ಟ್ರಿಂಗ್ ಮೆಥಡ್ ಬರೆಯುವಾಗಲೂ ಜೋಪಾನ. ಬೋಟು ತನ್ನ ತಂಡೇಲನನ್ನು ಪೂರ್ತಿ ಪ್ರಿಂಟ್ ಮಾಡಿ, ತಂಡೇಲ ತನ್ನ ಬೋಟನ್ನು ಪೂರ್ತಿ ಪ್ರಿಂಟ್ ಮಾಡಿದರೆ ಮತ್ತೆ ಅದೇ ಎರರ್. ಒಂದು ಕಡೆ ಬರೀ ಹೆಸರು ಹಾಕಿ.

"ಒಂದನ್ನೊಂದು ಹಿಡಿದುಕೊಂಡರೆ ಮೆಮೊರಿಯಿಂದ ಹೋಗುವುದೇ ಇಲ್ಲವಾ ಅಂಕಲ್?" ಎಂದು ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಬೇಡವಾದ ಆಬ್ಜೆಕ್ಟ್‌ಗಳನ್ನು ಮೆಮೊರಿಯಿಂದ ತೆಗೆಯುವ ಜಾವಾದ ಗಾರ್ಬೇಜ್ ಕಲೆಕ್ಟರ್ ಯಾರು ಯಾರನ್ನು ಹಿಡಿದಿದ್ದಾರೆ ಎಂದು ಎಣಿಸುತ್ತಾ ಕೂರುವುದಿಲ್ಲ. ಓಡುತ್ತಿರುವ ಪ್ರೋಗ್ರಾಮಿನಿಂದ ಅಲ್ಲಿಗೆ ತಲುಪಲು ದಾರಿ ಇದೆಯಾ ಎಂದು ನೋಡುತ್ತದೆ. ದಾರಿ ಇಲ್ಲದಿದ್ದರೆ ಬೋಟನ್ನೂ ತಂಡೇಲನನ್ನೂ ಒಟ್ಟಿಗೇ ತೆಗೆಯಬಹುದು.